ಊರೇ ಎತ್ತಿಕೊಂಡ ಸಾಲು

"ಗುರುಗಳೇ, ಬಾಯಿ ಬಿಟ್ಟು ಹೇಳಲಾರದವರಿಗೆ ಏನು ಬೇಕೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದ ಹಿರಿಯ ಸ್ವಾಮಿಗಳಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಬಲಗೈ ಏಳುತ್ತಿರಲಿಲ್ಲ. ಮಾತು ಹೋಗಿತ್ತು. ಅವರ ಸೇವೆಗೆ ಈ ಶಿಷ್ಯನನ್ನು ನೇಮಿಸಿದ್ದರು. ಚುರುಕಾದ ಮನುಷ್ಯ, ಒಳ್ಳೆಯವನು. ನಾಲ್ಕು ತಿಂಗಳಿಂದ ಅವನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

"ಅವರು ತುಟಿ ಅಲುಗಿಸಿದರೆ ಸಾಕು, ಎದ್ದು ನಿಲ್ಲುತ್ತೇನೆ," ಎಂದು ಅವನು ಹೇಳಿದ. "ನೀರು ಕೊಡುತ್ತೇನೆ. ಶಾಲು ಹೊದಿಸುತ್ತೇನೆ. ಔಷಧ ತರುತ್ತೇನೆ. ಅವರ ಪುಸ್ತಕವನ್ನು ತೆರೆದು ಎದುರಿಗೆ ಹಿಡಿಯುತ್ತೇನೆ. ಒಂದು ಪದಕ್ಕೆ ಅವರು ಒದ್ದಾಡುವುದನ್ನು ನೋಡಲಾರದೆ ಉಳಿದದ್ದನ್ನು ನಾನೇ ಓದಿಬಿಡುತ್ತೇನೆ. ಆದರೂ ಮುಖ ತಿರುಗಿಸುತ್ತಾರೆ. ನಿನ್ನೆ ಅತ್ತೇಬಿಟ್ಟರು. ನಾನು ಯಾವುದನ್ನು ತರಲು ಮರೆತೆ?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಓದುಗನಿದ್ದ. ಶ್ರಾವಣ ಬಂತೆಂದರೆ ಸಂಜೆ ಹೊತ್ತು ಚಾವಡಿಯಲ್ಲಿ ಕಾವ್ಯ ಓದುವುದು ಅವನ ಕೆಲಸ. ಅವನು ಪದ್ಯ ಓದಬೇಕು, ಪಕ್ಕದಲ್ಲಿ ಕೂತ ಶಾಸ್ತ್ರಿ ಅದರ ಅರ್ಥ ಹೇಳಬೇಕು. ಮೂವತ್ತು ಶ್ರಾವಣ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತಿದ್ದರು. ಓದುಗನ ದನಿ ಎಂಥದ್ದೆಂದರೆ ಬೀದಿಯ ಕೊನೆಯ ಮನೆಯ ಬಾಣಂತಿಗೂ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡು, ಅಷ್ಟು ದನಿ ಇದ್ದವನಿಗೆ ಅಷ್ಟು ಜಂಬ ಇರಬಾರದೇ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಪದ್ಯದ ಕೊನೆಯ ಸಾಲನ್ನು ಓದುಗ ಪೂರ್ತಿ ಓದುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸುತ್ತಿದ್ದ. ಉಳಿದ ಅರ್ಧವನ್ನು ಕೇಳುವವರೆಲ್ಲ ಒಟ್ಟಾಗಿ ಹೇಳುತ್ತಿದ್ದರು. ಇದಕ್ಕೆ ಸಾಲು ಎತ್ತಿಕೊಳ್ಳುವುದು ಎಂದು ಹೆಸರು. ಓದುಗನ ದನಿ ನಿಂತ ಗಳಿಗೆಯಲ್ಲೇ ಊರಿನ ದನಿ ಏಳಬೇಕು. ಎತ್ತಿಕೊಳ್ಳುವುದು ತಡವಾದರೆ ಓದುಗನಿಗೆ ಅವಮಾನ ಮಾಡಿದಂತೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಆ ಕಾವ್ಯ ಊರಿನವರಿಗೆಲ್ಲ ಬಾಯಿಪಾಠವಾಗಿತ್ತು. ಅದನ್ನು ಓದಿಸಿಕೊಂಡು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಎತ್ತಿಕೊಳ್ಳುವ ಸುಖಕ್ಕಾಗಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಓದುಗ ಕುಸಿದು ಬಿದ್ದ. ವೈದ್ಯರು ಬಂದರು, ಎಣ್ಣೆ ತಿಕ್ಕಿಸಿದರು, ಕಷಾಯ ಕುಡಿಸಿದರು. ಮೂರು ತಿಂಗಳಿಗೆ ಕೋಲು ಹಿಡಿದು ನಡೆಯುವಂತಾದ. ಮಾತು ಮಾತ್ರ ಬರಲಿಲ್ಲ. ಎದುರಿನವರು ಆಡಿದ್ದೆಲ್ಲ ತಿಳಿಯುತ್ತಿತ್ತು. ತಾನು ಆಡಬೇಕಾದದ್ದೂ ತಿಳಿದಿತ್ತು. ಆದರೆ ಬಾಯಿ ತೆರೆದರೆ ಅದು ಬರುತ್ತಿರಲಿಲ್ಲ. ಬಂದರೆ ಬೇರೇನೋ ಬರುತ್ತಿತ್ತು. ಚೊಂಬು ಎನ್ನಲು ಹೋದರೆ ಕೊಡ ಎನ್ನುತ್ತಿದ್ದ. ತಪ್ಪೆಂದು ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು. ಪುಸ್ತಕ ತೆರೆದರೂ ಅದೇ ಪಾಡು. ಸಂತೆಯಲ್ಲಿ ಎದುರಾದ ನೆಂಟನ ಮುಖ ಗುರುತಿದ್ದು ಹೆಸರು ಬಾರದಿದ್ದರೆ ಹೇಗೋ, ಒಂದೊಂದು ಪದದ ಎದುರಿಗೂ ಅವನು ಹಾಗೆ ನಿಂತುಬಿಡುತ್ತಿದ್ದ.

ತುಂಬಿದ ಮನೆ ಅವನದು. ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಹೋಗಿಬರುವ ನೆಂಟರು. ಎಲ್ಲರೂ ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ಅವನ ಹಾಸಿಗೆಯನ್ನು ಅಡುಗೆಮನೆಯ ಬಾಗಿಲ ಎದುರಿಗೆ, ನಡುಮನೆಗೆ ತಂದರು. ಹಾಗೆ ತಂದದ್ದರಿಂದ ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ನೋಡದಿದ್ದ ಒಂದು ಸಂಗತಿಯನ್ನು ನೋಡಿದ.

ಅವನ ಹೆಂಡತಿ ಆ ಮನೆಯ ಹಿರಿಸೊಸೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಉಣ್ಣುವವಳು ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಅವಳು ಊಟಕ್ಕೆ ಕೂರುತ್ತಲೇ ಇರಲಿಲ್ಲ. ಒಲೆಯ ಪಕ್ಕದಲ್ಲಿ ನಿಂತು ತಪ್ಪಲೆಯ ತಳ ಕೆರೆದು ಎರಡು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೆಂಟರು ಬಂದ ದಿನ ತಳದಲ್ಲೂ ಏನೂ ಇರುತ್ತಿರಲಿಲ್ಲ. ಒಂದು ಚೊಂಬು ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು ಪಾತ್ರೆ ತೊಳೆಯಲು ಕೂರುತ್ತಿದ್ದಳು. ದಿನಾ ಮಧ್ಯಾಹ್ನ ತಾನು ಉಂಡು ಕೈ ತೊಳೆದು, ಸಂಜೆಯ ಪದ್ಯ ಗುನುಗುತ್ತ ಜಗಲಿಗೆ ಹೋಗುತ್ತಿದ್ದದ್ದು ಓದುಗನಿಗೆ ನೆನಪಾಯಿತು. ನಿನ್ನ ಊಟವಾಯಿತೇ ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಲು ಬಾಯಿ ಇದ್ದಾಗ ನೆನಪಾಗಲಿಲ್ಲ, ನೆನಪಾದಾಗ ಬಾಯಿ ಇರಲಿಲ್ಲ.

ಅಂದಿನಿಂದ ಆ ಒಂದು ಮಾತು ಅವನ ಎದೆಯಲ್ಲಿ ಕೂತಿತು. ದಿನಾ ಅವಳು ಬಡಿಸಿ ಎದುರಿಗೆ ನಿಂತಾಗ ತುಟಿ ಅಲುಗಿಸುತ್ತಿದ್ದ.

"ಏನ್ ಬೇಕು? ಉಪ್ಪಾ?" ಎಂದು ಅವಳು ಕೇಳುತ್ತಿದ್ದಳು. ಉಪ್ಪು ತರುತ್ತಿದ್ದಳು. ಅವನು ತಲೆ ಅಲ್ಲಾಡಿಸಿದರೆ ಮಜ್ಜಿಗೆ ತರುತ್ತಿದ್ದಳು. ಅದೂ ಅಲ್ಲವೆಂದರೆ ಉಪ್ಪಿನಕಾಯಿ. ಒಮ್ಮೆ ಅವನು ಎಡಗೈಯಿಂದ ತಟ್ಟೆ ತೋರಿಸಿ, ಅವಳ ಬಾಯಿ ತೋರಿಸಿದ. ಅವಳು ಕ್ಷಣ ಯೋಚಿಸಿ, ಬಗ್ಗಿ, ತುತ್ತು ಕಲೆಸಿ ಅವನ ಬಾಯಿಗೇ ಇಟ್ಟಳು. ಅವನು ತಟ್ಟೆ ತಳ್ಳಿಬಿಟ್ಟ. ಅನ್ನ ನೆಲಕ್ಕೆ ಚೆಲ್ಲಿತು. ಅವಳು ಅಳುತ್ತ ಬಾಚಿದಳು. ಕಾಯಿಲೆ ಬಂದ ಮೇಲೆ ಅಣ್ಣನಿಗೆ ಸಿಟ್ಟು ಜಾಸ್ತಿಯಾಗಿದೆ ಎಂದು ತಮ್ಮಂದಿರು ಮಾತಾಡಿಕೊಂಡರು. ಅದನ್ನೂ ಅವನು ಕೇಳಿಸಿಕೊಂಡ.

ಅಷ್ಟರಲ್ಲಿ ಶ್ರಾವಣ ಬಂತು. ಶಾಸ್ತ್ರಿಗೆ ಗೆಳೆಯನನ್ನು ಬಿಟ್ಟು ಕೂರಲು ಮನಸ್ಸಾಗಲಿಲ್ಲ. ಊರಿನವರಿಗೂ ಆಗಲಿಲ್ಲ. ಕೈಹಿಡಿದು ಕರೆತಂದು ಅದೇ ಜಮಖಾನೆಯ ಮೇಲೆ ಕೂರಿಸಿದರು. ಓದುಗ ಮೊದಲ ಪದದ ಮುಂದೆ ನಿಂತ. ಜನ ಒಂದು ಉಸಿರಿನಷ್ಟು ಹೊತ್ತೂ ತಡೆಯಲಿಲ್ಲ. ಎತ್ತಿಕೊಂಡರು. ಕೊನೆಯ ಸಾಲಿನ ಅರ್ಧವನ್ನಲ್ಲ, ಇಡೀ ಪದ್ಯವನ್ನೇ ಎತ್ತಿಕೊಂಡರು. ಅವರ ಹೃದಯ ಎಷ್ಟು ದೊಡ್ಡದಾಗಿತ್ತೆಂದರೆ ಅದರೊಳಗೆ ಅವನಿಗೆ ಬಾಯಿ ತೆರೆಯಲು ಜಾಗವಿರಲಿಲ್ಲ.

ಒಂದು ವಿಚಿತ್ರವೂ ನಡೆಯಿತು. ಎಲ್ಲರೂ ಒಟ್ಟಿಗೆ ಹೇಳುವಾಗ ಅವನ ನಾಲಿಗೆಯೂ ಅವರ ಜೊತೆ ಹೊರಳಿತು. ಪದಗಳು ಬಂದವು. ಜನ ಕಣ್ಣೊರೆಸಿಕೊಂಡರು. ಶಾಸ್ತ್ರಿ ಅವನ ಬೆನ್ನು ತಟ್ಟಿದ. ಮಾತು ಮರಳಿತೆಂದು ಮೂರು ದಿನ ಊರೆಲ್ಲ ಸಂತೋಷಪಟ್ಟಿತು. ಆದರೆ ಅವರು ನಿಲ್ಲಿಸಿದರೆ ಅವನೂ ನಿಲ್ಲುತ್ತಿದ್ದ. ಮನೆಗೆ ಬಂದು ಒಬ್ಬನೇ ಪುಸ್ತಕ ತೆರೆದರೆ ಒಂದು ಪದವೂ ಇರುತ್ತಿರಲಿಲ್ಲ. ತಾನು ಓದುತ್ತಿಲ್ಲ, ತನ್ನನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು.

ನಾಲ್ಕನೆಯ ದಿನ ಅವನು ಒಂದು ಪರೀಕ್ಷೆ ಮಾಡಿದ. ಪದ್ಯದ ನಡುವೆ ಬಾಯಿ ಮುಚ್ಚಿದ. ದನಿಗಳು ಮುಂದೆ ಹೋದವು. ಇನ್ನೊಂದು ಪದ್ಯಕ್ಕೆ ಹೋದವು. ಶಾಸ್ತ್ರಿ ಅರ್ಥ ಹೇಳಿದ, ಜನ ತಲೆದೂಗಿದರು. ಅವನ ದನಿ ಇಲ್ಲವೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ನೂರು ಜನರ ನಡುವೆ, ಎಲ್ಲರೂ ತನ್ನ ಹೆಸರಿನಲ್ಲಿ ಓದುತ್ತಿರುವಾಗ, ಅವನು ಹಾಗೆ ಬಾಯಿ ಮುಚ್ಚಿ ಕೂತಿದ್ದ. ಕಾಡಿನಲ್ಲಿ ದಾರಿ ತಪ್ಪಿದವನಿಗಾದರೂ ಕೂಗಿದರೆ ಯಾರಾದರೂ ಬಂದಾರು ಎಂಬ ಆಸೆ ಇರುತ್ತದೆ. ಅವನಿಗೆ ಅದೂ ಇರಲಿಲ್ಲ. ಮರುದಿನದಿಂದ ಚಾವಡಿಗೆ ಹೋಗಲಿಲ್ಲ. ಆಯಾಸವಾಗಿರಬೇಕು, ಮಲಗಲಿ ಎಂದರು ಜನ.

ಅದೇ ದಿನಗಳಲ್ಲಿ ಕಲ್ಲು ಕುಟ್ಟುವ ಹೆಂಗಸೊಬ್ಬಳು ಊರಿಗೆ ಬಂದಳು. ಸವೆದು ನುಣುಪಾದ ಬೀಸುಕಲ್ಲು, ಒರಳುಕಲ್ಲುಗಳನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು. ಓದುಗನ ಮನೆಯ ಮುಂದೆ ಹೊಂಗೆಮರದ ನೆರಳಿತ್ತು. ಅಲ್ಲಿ ಕೂತಳು. ಓಣಿಯವರೆಲ್ಲ ತಮ್ಮ ತಮ್ಮ ಕಲ್ಲುಗಳನ್ನು ತಂದು ಅಲ್ಲಿಟ್ಟು ಹೋದರು. ಇಪ್ಪತ್ತು ದಿನದ ಕೆಲಸ ಇತ್ತು.

ಓದುಗ ಜಗಲಿಯ ಮೇಲೆ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ. ಒಂದು ಸಾಲನ್ನು ಕೊನೆಯವರೆಗೂ ತಾನೇ ಓದಿದರೆ, ಹೆಂಡತಿಯನ್ನು ಕೇಳಬೇಕಿದ್ದ ಆ ಒಂದು ಮಾತೂ ಅದರ ಹಿಂದೆಯೇ ಬಂದೀತು ಎಂದು ಅವನಿಗೆ ಅನ್ನಿಸುತ್ತಿತ್ತು. ನಾಲಿಗೆ ಬಲಿತದ್ದು ಓದಿನಿಂದಲೇ ಅಲ್ಲವೇ. ಕಲ್ಲಿನ ಸದ್ದಿನ ಮರೆಯಲ್ಲಿ ಯಾರಿಗೂ ಕೇಳಿಸಲಾರದು ಎಂದುಕೊಂಡು, ಒಂದು ದಿನ ಬಾಯಿ ತೆರೆದ. ಬಹಳ ಹೊತ್ತಿನ ಮೇಲೆ ಒಂದು ಪದ ಬಂತು.

"ಅರಸಿ."

"ಯಾವೂರ ಅರಸಿ, ಸ್ವಾಮಿ?" ಎಂದಳು ಹೆಂಗಸು.

ಅವನು ಬೆಚ್ಚಿ ನೋಡಿದ. ಅವಳು ಇತ್ತ ನೋಡುತ್ತಿರಲಿಲ್ಲ. ಅವಳ ಕಣ್ಣು ಉಳಿಯ ಮೊನೆಯ ಮೇಲಿತ್ತು. ಕಣ್ಣು ತೆಗೆದರೆ ಪೆಟ್ಟು ತಪ್ಪುತ್ತಿತ್ತು, ಚಕ್ಕೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಒಂದು ವರ್ಷದಿಂದ ಮಾತಾಡಲು ಹೋದಾಗಲೆಲ್ಲ ಎದುರಿನವರು ಅವನ ಬಾಯನ್ನೇ ದಿಟ್ಟಿಸುತ್ತಿದ್ದರು, ತಮ್ಮ ತುಟಿಗಳನ್ನೂ ಅವನ ಜೊತೆ ಅಲುಗಿಸುತ್ತಿದ್ದರು. ಇವಳು ಕೇಳಿ ಸುಮ್ಮನಾದಳು. ಕುಟ್ಟುತ್ತ ಕೂತಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಊರೂರು ತಿರುಗುವವಳನ್ನು ಯಾವ ಚಾವಡಿಯವರೂ ಒಳಗೆ ಕರೆದು ಕೂರಿಸಿರಲಿಲ್ಲ. ಹಾಗಾಗಿ ಆ ಕಾವ್ಯದ ಕತೆ ಅವಳಿಗೆ ಗೊತ್ತಿರಲಿಲ್ಲ. ಇಡೀ ಊರಿನಲ್ಲಿ ಅದು ಗೊತ್ತಿಲ್ಲದವಳು ಅವಳೊಬ್ಬಳೇ. ಮುಂದಿನ ಪದ ಅವನ ಬಾಯಿಂದಲೇ ಬರಬೇಕಿತ್ತು. ಬೇರೆ ಎಲ್ಲಿಂದಲೂ ಅವಳಿಗೆ ಅದು ಬರುವಂತಿರಲಿಲ್ಲ.

ಅರ್ಧ ಕಲ್ಲು ಕುಟ್ಟಿ ಮುಗಿಯುವ ಹೊತ್ತಿಗೆ ಎರಡನೆಯ ಪದ ಬಂತು. ಅವಳು ಹೂಂ ಎಂದಳು.

ದೇಶ ಬಿಟ್ಟು ಹೊರಟ ಅರಸಿಯೊಬ್ಬಳ ಕತೆ ಅದು. ಹಸುಗೂಸನ್ನು ಮರದ ಕೊಂಬೆಗೆ ಜೋಲಿ ಕಟ್ಟಿ ಮಲಗಿಸಿ, ಅವಳು ನೀರು ತರಲು ಹೋಗುತ್ತಾಳೆ. ಕೆರೆಗೆ ಹೋದಳು ಎಂದು ಪುಸ್ತಕದಲ್ಲಿತ್ತು. ಓದುಗ ಬಾವಿ ಎಂದ. ಎಂದವನು ತಲೆ ಅಲ್ಲಾಡಿಸಿದ.

"ಬಾವಿ ಅಲ್ವಾ? ಸರಿ," ಎಂದಳು ಅವಳು. ಹೊಳೆಯೋ, ಹಳ್ಳವೋ ಎಂದು ಕೇಳಲಿಲ್ಲ. ಕೆರೆ ಎಂಬುದು ಮರುದಿನ ಬೆಳಿಗ್ಗೆ ಬಂತು. ಅವಳು ಉಳಿ ಎತ್ತಿಕೊಳ್ಳುವ ಮೊದಲೇ ಅವನು ಅದನ್ನು ಹೇಳಿದ. ಹಿಂದಿನ ಸಂಜೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದನೋ ಏನೋ.

ಹದಿನೈದು ದಿನಕ್ಕೆ ಮೂರು ಪದ್ಯವಾಯಿತು. ನಗಬೇಡ. ಒಂದು ಸಂಜೆಗೆ ನಲವತ್ತು ಪದ್ಯ ಓದುತ್ತಿದ್ದವನು ಅವನು. ಈ ಮೂರಕ್ಕೆ ಪಟ್ಟಷ್ಟು ಸಂತೋಷವನ್ನು ಆ ನಲವತ್ತಕ್ಕೂ ಪಟ್ಟಿರಲಿಲ್ಲ.

ಅರಸಿ ತಿರುಗಿ ಬರುವ ನಾಲ್ಕನೆಯ ಪದ್ಯದ ದಿನ, ಶಾಸ್ತ್ರಿ ಗೆಳೆಯನನ್ನು ನೋಡಲು ಬಂದ. ಓದುಗ ಕೊನೆಯ ಸಾಲಿನ ನಡುವೆ ನಿಂತಿದ್ದ. ಅರಸಿ ಮರದ ಹತ್ತಿರ ಬಂದಿದ್ದಳು, ಜೋಲಿಯೊಳಗೆ ಕೈ ಹಾಕಿದ್ದಳು, ಮಗು ಇರಲಿಲ್ಲ. ಮುಂದಿನ ಪದ ಬರಲೊಲ್ಲದು. ಗೆಳೆಯನ ಕುತ್ತಿಗೆಯ ನರ ಉಬ್ಬಿದ್ದನ್ನು ಶಾಸ್ತ್ರಿ ನೋಡಿದ. ಅವನಿಗೆ ತಡೆಯಲಾಗಲಿಲ್ಲ. ಜಗಲಿಯ ಅಂಚಿಗೆ ಕೂತು, ಮೂವತ್ತು ವರ್ಷದ ಅಭ್ಯಾಸದಂತೆ, ಎತ್ತಿಕೊಳ್ಳಲು ಬಾಯಿ ತೆರೆದ.

"ತಡೀರಿ ಸ್ವಾಮಿ," ಎಂದಳು ಹೆಂಗಸು. "ಅವ್ರು ಹೇಳ್ತಾವ್ರೆ."

"ಏನೂ ಹೇಳ್ತಾ ಇಲ್ವಲ್ಲಮ್ಮ."

"ಹೇಳ್ತಾವ್ರೆ. ಇನ್ನೂ ಬಂದಿಲ್ಲ, ಅಷ್ಟೆಯ."

ಶಾಸ್ತ್ರಿಯ ಮುಖ ಸಣ್ಣದಾಯಿತು. ಅವನಿಗೆ ಸುಮ್ಮನಿರಲು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಆದರೂ ಸುಮ್ಮನಾದ. ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಓದುಗನ ಹೆಂಡತಿಯೂ ಮೊರವನ್ನು ಮಡಿಲಿಗಿಟ್ಟುಕೊಂಡಳು. ಉಳಿಯ ಸದ್ದು ಮಾತ್ರ ನಡೆದಿತ್ತು. ಬಿಸಿಲು ಜಗಲಿಯ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಿತು.

"ಜೋಲಿ," ಎಂದ ಓದುಗ. ಆಮೇಲೆ, "ಇನ್ನೂ." ಆಮೇಲೆ ಬಹಳ ಹೊತ್ತು ಬಿಟ್ಟು, "ತೂಗುತ್ತಿತ್ತು."

ಉಳಿ ನಿಂತಿತು. ಹೆಂಗಸು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು.

"ಹಂಗಾರೆ ಈಗ್ತಾನೆ ಯಾರೋ ಎತ್ಕೊಂಡವ್ರೆ. ದೂರ ಹೋಗಿರಲ್ಲ," ಎಂದಳು.

ಓದಿದ್ದು ಚೆನ್ನಾಯಿತು ಎನ್ನಲಿಲ್ಲ. ಮಾತು ಬಂತಲ್ಲ ಎಂದು ಕಣ್ಣು ತುಂಬಿಕೊಳ್ಳಲಿಲ್ಲ. ಅವಳಿಗೆ ಮಗುವಿನ ಚಿಂತೆ ಹತ್ತಿತ್ತು. ಒಂದು ವರ್ಷದ ಮೇಲೆ ಅವನು ಹೇಳಿದ್ದನ್ನು ಒಬ್ಬರು ಕೇಳಿದ್ದರು. ಓದುಗ ಪುಸ್ತಕ ಮುಚ್ಚಿ, ಅದರ ಮೇಲೆ ಎಡಗೈ ಇಟ್ಟುಕೊಂಡು ಕೂತ. ಶಾಸ್ತ್ರಿ ಎದ್ದುಹೋದ. ಆ ಸಂಜೆ ಚಾವಡಿಯಲ್ಲಿ ಅವನ ಅರ್ಥವಿವರಣೆ ಎಂದಿನಷ್ಟು ಚುರುಕಾಗಿರಲಿಲ್ಲ ಎಂದು ಜನ ಹೇಳಿದರು.

ಐದು ದಿನದ ಮೇಲೆ ಕಲ್ಲುಗಳೆಲ್ಲ ಮುಗಿದವು. ಕತೆ ಮುಗಿದಿರಲಿಲ್ಲ. ಮಗು ಸಿಕ್ಕಿರಲಿಲ್ಲ. ಹೆಂಗಸು ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿ, "ಬರೋ ವರ್ಸ ಬತ್ತೀನಿ ಸ್ವಾಮಿ, ಆಗ ಹೇಳಿ. ಇನ್ಯಾರನ್ನೂ ಕೇಳಕ್ಕಿಲ್ಲ," ಎಂದು ಹೊರಟಳು. ಅವನಿಗೆ ಹೋಗಿ ಬಾ ಎನ್ನಬೇಕಾಗಿತ್ತು. ಅದು ಬಂದಾಗ ಅವಳು ಓಣಿಯ ತಿರುವು ದಾಟಿದ್ದಳು. ಬರಿಯ ಬೀದಿಗೆ ಅವನು ಅದನ್ನು ಹೇಳಿದ.

ಅಂದು ಮಧ್ಯಾಹ್ನ ಎಂದಿನಂತೆ ಹೆಂಡತಿ ಬಡಿಸಿದಳು. ಅವನು ತುಟಿ ಅಲುಗಿಸಿದ. ಅವಳ ಕೈ ಅಭ್ಯಾಸದಂತೆ ಮಜ್ಜಿಗೆಯ ಪಾತ್ರೆಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸೌಟನ್ನು ಕೆಳಗಿಟ್ಟಳು. ಅವನ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನ ಬಾಯಿ ನೋಡದೆ, ನೆಲ ನೋಡುತ್ತ ಕಾದಳು. ಓರಗಿತ್ತಿಯರು ಅಡುಗೆಮನೆಯಿಂದ ಇಣುಕಿದರು. ಬಡಿಸುವ ಹೊತ್ತಿನಲ್ಲಿ ಅವಳು ಕೂತದ್ದನ್ನು ಅವರು ಎಂದೂ ಕಂಡಿರಲಿಲ್ಲ. ಅನ್ನ ತಣ್ಣಗಾಯಿತು. ನೊಣ ಬಂದು ಕೂತಿತು, ಅವಳು ಓಡಿಸಿದಳು.

"ನಿಂದು," ಎಂದ ಅವನು.

ಅವಳು ಕಾದಳು.

"ಅಡಿಗೆ," ಎಂದ. ತಲೆ ಅಲ್ಲಾಡಿಸಿದ. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು. ಒರೆಸಲು ಅವಳ ಕೈ ಮುಂದಾಯಿತು. ಒರೆಸಲಿಲ್ಲ.

"ಊಟ," ಎಂದ. ಕೊನೆಗೆ, "ಆಯ್ತಾ?"

ಆಯ್ತು ಎಂದು ಹೇಳಲು ಅವಳು ಬಾಯಿ ತೆರೆದಳು. ಮೂವತ್ತು ವರ್ಷದಿಂದ ಯಾರು ಕೇಳಿದರೂ, ಕೇಳದಿದ್ದರೂ, ಅವಳ ಬಾಯಲ್ಲಿ ಸಿದ್ಧವಿದ್ದ ಉತ್ತರ ಅದು. ಅಂದು ಅದು ಬರಲಿಲ್ಲ. ತುಟಿ ಅಲುಗಿತು. ಒಂದು ಅಕ್ಷರವೂ ಹೊರಡಲಿಲ್ಲ.

ಓದುಗ ತಟ್ಟೆಯ ಮೇಲೆ ಕಣ್ಣಿಟ್ಟು, ಉಣ್ಣದೆ, ಅವಳು ಹೇಳುವವರೆಗೆ ಕಾದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೈಮುಗಿದು ಎದ್ದ.

"ತಿಳಿಯಿತು, ಗುರುಗಳೇ. ಇನ್ನು ನಾನು ಅವಸರ ಮಾಡುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇನೆ. ತಮಗೆ ಏನು ಬೇಕೆಂದು ಹಿರಿಯರೇ ಹೇಳಲಿ."

"ಅವರಿಗೆ ಏನೋ ಬೇಕಾಗಿದೆ ಎಂದು ನಿನಗೆ ಹೇಳಿದವರು ಯಾರು?" ಎಂದರು ಗುರು, ಅವನ ನಿದ್ದೆಗೆಟ್ಟ ಕಣ್ಣುಗಳನ್ನು ನೋಡುತ್ತ.